ಬೆಳಕು, ಒಳಾವರಣ ಮತ್ತು ಜನಪದ ಸೃಷ್ಟಿಶೀಲತೆ: ತುಮಕೂರು, ಗುಬ್ಬಿ, ಕುಣಿಗಲ್ ಪರಿಸರವನ್ನು ಕುರಿತ ವಿವೇಚನೆ

ಕನ್ನಡ ಜಾನಪದ ಅಧ್ಯಯನವು ಕಳೆದ ಶತಮಾನದುದ್ದಕ್ಕೂ ಪಠ್ಯಗಳನ್ನು ಸಂಗ್ರಹಿಸಿದೆ, ಧಾಟಿಗಳನ್ನು ಗುರುತಿಸಿದೆ, ವೇಷಭೂಷಣಗಳನ್ನು ವಿವರವಾಗಿ ವರ್ಣಿಸಿದೆ. ಆದರೆ ಹಾಡು ಹುಟ್ಟಿದ ಕೋಣೆಯಲ್ಲಿ ಎಷ್ಟು ಬೆಳಕಿತ್ತು, ವೇಷ ಕುಣಿದ ಬಯಲಿನಲ್ಲಿ ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು, ಆ ಬೆಳಕನ್ನು ಹಿಡಿದು ನಿಂತವರು ಯಾರು ಎಂಬ ಪ್ರಶ್ನೆಗಳು ಬಹುಮಟ್ಟಿಗೆ ಅಡಿಟಿಪ್ಪಣಿಯ ಮಟ್ಟದಲ್ಲಿಯೇ ಉಳಿದಿವೆ. ಆಲನ್ ಡಂಡೆಸ್ 1964ರಲ್ಲಿ ಪಠ್ಯ, ಪೋತ ಮತ್ತು ಸಂದರ್ಭಗಳನ್ನು ಒಟ್ಟಾಗಿ ನೋಡಬೇಕೆಂದು ವಾದಿಸಿದ ಮೇಲೆ, ಡ್ಯಾನ್ ಬೆನ್-ಅಮೋಸ್ 1971ರಲ್ಲಿ ಜಾನಪದವನ್ನು ಸಂವಹನ ಪ್ರಕ್ರಿಯೆಯಾಗಿ ನಿರ್ವಚಿಸಿದ ಮೇಲೆ, ‘ಸಂದರ್ಭ’ ಎಂಬ ಮಾತು ನಮ್ಮ ಸಂಶೋಧನ ಪ್ರಬಂಧಗಳಲ್ಲಿಯೂ ಧಾರಾಳವಾಗಿ ಬಳಕೆಗೆ ಬಂದಿದೆ. ಆದರೂ ಸಂದರ್ಭವೆಂದರೆ ಹಬ್ಬ, ಜಾತ್ರೆ, ಮದುವೆ ಎಂಬ ಸಾಮಾಜಿಕ ಅರ್ಥವೇ ಪ್ರಧಾನವಾಯಿತು. ಗೋಡೆ, ಮಾಡು, ದೀಪ, ಕತ್ತಲೆಗಳೂ ಸಂದರ್ಭದ ಅಂಗಗಳೆಂಬುದು ಮರೆಯಾಯಿತು.

ಈ ಪ್ರಶ್ನೆಯನ್ನು ಪರಿಶೀಲಿಸಲು ತುಮಕೂರು, ಗುಬ್ಬಿ ಮತ್ತು ಕುಣಿಗಲ್ ಪರಿಸರವು ಹಲವು ಕಾರಣಗಳಿಂದ ಅನುಕೂಲವಾಗಿದೆ. ರಾಗಿ ಬೀಸುವ ಪದಗಳು, ಮೂಡಲಪಾಯ ಯಕ್ಷಗಾನ, ತೊಗಲುಗೊಂಬೆಯಾಟ, ಗುಬ್ಬಿ ಕಂಪನಿಯ ವೃತ್ತಿರಂಗಭೂಮಿ, ಊರೂರಿನ ಪೌರಾಣಿಕ ನಾಟಕಗಳು ಇವೆಲ್ಲವನ್ನೂ ಒಂದೇ ಸೀಮೆಯ ಜನ ಕಟ್ಟಿದ್ದಾರೆ, ನೋಡಿದ್ದಾರೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಆದ ಬೆಳಕಿದೆ, ಅದರದೇ ಆದ ಆವರಣವಿದೆ.

ಮೊದಲು ಮನೆಯ ಒಳಗನ್ನು ನೋಡಬೇಕು. ಹಳೆಯ ಮೈಸೂರು ಸೀಮೆಯ ತೊಟ್ಟಿಮನೆಯಲ್ಲಿ ಬೆಳಕು ಹೊರಗಿನಿಂದ ನೇರವಾಗಿ ಒಳಗೆ ಬರುವುದಿಲ್ಲ. ಜಗುಲಿಯಲ್ಲಿ ಬಿಸಿಲು, ಪಡಸಾಲೆಯಲ್ಲಿ ನೆರಳು, ತೊಟ್ಟಿಯಲ್ಲಿ ಆಕಾಶದಿಂದ ಇಳಿದ ಬೆಳಕು, ನಡುಮನೆಯಲ್ಲಿ ಮಬ್ಬು, ಅದರಾಚೆಯ ಕೋಣೆಯಲ್ಲಿ ಹಗಲಿನಲ್ಲಿಯೂ ಕತ್ತಲೆ. ಅಡುಗೆ ಮನೆಗೆ ಇರುವುದು ಹೊಗೆ ಹೋಗಲು ಬಿಟ್ಟ ಒಂದು ಬೆಳಕಿಂಡಿ ಅಥವಾ ಸೂರಿನಲ್ಲಿ ಸೇರಿಸಿದ ಒಂದು ಗಾಜಿನ ಹೆಂಚು. ತೊಟ್ಟಿಯಿಲ್ಲದ ಬಡವರ ಮನೆಗಳಲ್ಲಿ ಈ ಶ್ರೇಣಿ ಇನ್ನೂ ಸಂಕ್ಷಿಪ್ತವಾಗಿರುತ್ತಿತ್ತು. ಬಾಗಿಲು ದಾಟಿದರೆ ಕತ್ತಲೆಯೇ. ಗೋಡೆಯ ಗೂಡಿನಲ್ಲಿಟ್ಟ ಹರಳೆಣ್ಣೆಯ ಅಥವಾ ಹೊಂಗೆ ಎಣ್ಣೆಯ ಹಣತೆ, ಅನಂತರದ ಕಾಲದಲ್ಲಿ ಸೀಮೆಎಣ್ಣೆಯ ಬುಡ್ಡಿ, ಇಷ್ಟೇ ಅಲ್ಲಿನ ಬೆಳಕು.

ರಾಗಿ ಬೀಸುವ ಕೆಲಸ ನಡೆಯುತ್ತಿದ್ದುದು ಬೆಳಗಿನ ಜಾವದಲ್ಲಿ, ಇಂಥ ಮಬ್ಬಿನಲ್ಲಿ. ಬೀಸುವವರಿಗೆ ಬೆಳಕಿನ ಅಗತ್ಯ ಹೆಚ್ಚೇನೂ ಇರಲಿಲ್ಲ. ಗೂಟ ಹಿಡಿದ ಕೈಗೆ ಕಲ್ಲಿನ ದಾರಿ ಗೊತ್ತು. ಇನ್ನೊಂದು ಕೈ ಹಿಡಿ ಹಿಡಿಯಾಗಿ ಕಾಳು ಸುರಿಯುತ್ತದೆ. ಕಣ್ಣಿಗೆ ಕೆಲಸವಿಲ್ಲದ ಈ ಹೊತ್ತಿನಲ್ಲಿ ಕಿವಿ ಮತ್ತು ನೆನಪು ಎಚ್ಚರಗೊಳ್ಳುತ್ತವೆ. ಕಲ್ಲಿನ ಸುತ್ತು ಲಯವನ್ನು ಕೊಡುತ್ತದೆ, ಕತ್ತಲೆ ಏಕಾಂತವನ್ನು ಕೊಡುತ್ತದೆ. ಎದುರುಬದುರು ಕುಳಿತ ಅತ್ತೆ ಸೊಸೆಯರಾಗಲಿ, ಓರಗಿತ್ತಿಯರಾಗಲಿ, ಒಬ್ಬರ ಮುಖ ಒಬ್ಬರಿಗೆ ಸ್ಪಷ್ಟವಾಗಿ ಕಾಣದಿರುವ ಸ್ಥಿತಿಯಲ್ಲಿ ತವರಿನ ನೆನಪು, ಗಂಡನ ಮನೆಯ ಕಷ್ಟ, ಅಣ್ಣನ ಮೇಲಿನ ಮುನಿಸು ಇವನ್ನು ಹಾಡಿಕೊಳ್ಳುವುದು ಸಾಧ್ಯವಾಗುತ್ತದೆ. ಹಗಲಿನ ಜಗುಲಿಯಲ್ಲಿ ಆಡಲಾಗದ ಮಾತನ್ನು ನಸುಕಿನ ಕೋಣೆ ಹಾಡಾಗಿಸುತ್ತದೆ. ಬೀಸುವ ಪದಗಳ ವಸ್ತುವನ್ನು ವಿವರಿಸುವಾಗ ಹೆಣ್ಣಿನ ಸಾಮಾಜಿಕ ಸ್ಥಿತಿಯನ್ನು ಹೇಳುವ ವಿದ್ವಾಂಸರು ಆ ಕೋಣೆಯ ಮಬ್ಬನ್ನೂ ಹೇಳಬೇಕಾಗಿದೆ. ಹಿಟ್ಟಿನ ಗಿರಣಿ ಬಂದಾಗ ಶ್ರಮ ತಪ್ಪಿತು, ಅದರೊಂದಿಗೆ ಹಾಡೂ ಹೋಯಿತು ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಕಲ್ಲು ನಿಂತದ್ದಷ್ಟೇ ಅಲ್ಲದೆ ಆ ಹೊತ್ತಿನ ಏಕಾಂತವೂ ಹೋಯಿತು ಎಂಬುದನ್ನು ಈ ಮಾತಿಗೆ ಸೇರಿಸಬೇಕು. ಸಂಗ್ರಾಹಕರು ಹಗಲಿನಲ್ಲಿ ಜಗುಲಿಯ ಮೇಲೆ, ಹತ್ತಾರು ಜನರ ನಡುವೆ ಹಾಡಿಸಿ ಬರೆದುಕೊಂಡ ಪದಗಳನ್ನು ಓದುವಾಗ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಗತ್ಯಂತರವಿಲ್ಲ.

ಎ.ಕೆ. ರಾಮಾನುಜನ್ ಅವರು ಕನ್ನಡ ಜಾನಪದದ ಎರಡು ವಲಯಗಳನ್ನು ಕುರಿತು 1986ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಸಂಗಂ ಕಾವ್ಯಮೀಮಾಂಸೆಯ ‘ಅಗಂ’ ಮತ್ತು ‘ಪುರಂ’ ಪರಿಕಲ್ಪನೆಗಳನ್ನು ಬಳಸಿ ಮನೆಯೊಳಗಿನ ಕಥನಕ್ಕೂ ಬೀದಿಯ ಕಥನಕ್ಕೂ ಇರುವ ಭೇದವನ್ನು ತೋರಿಸಿದರು. ಸಂಜೆ ಮಕ್ಕಳಿಗೆ ಉಣಿಸುತ್ತ ಅಜ್ಜಿ ಹೇಳುವ ಕಥೆಯಲ್ಲಿ ಪಾತ್ರಗಳಿಗೆ ಹೆಸರಿಲ್ಲ, ಊರಿಗೆ ಹೆಸರಿಲ್ಲ, ಅಭಿನಯವೂ ಕಡಿಮೆ. ಹೊರಗಿನ ಪ್ರದರ್ಶನಕ್ಕೆ ಬಂದಂತೆ ಹೆಸರು, ವೇಷ, ವಾದ್ಯ, ವರ್ಣನೆ ಎಲ್ಲವೂ ಬೆಳೆಯುತ್ತವೆ. ಈ ವರ್ಗೀಕರಣವನ್ನು ಬೆಳಕಿನ ದೃಷ್ಟಿಯಿಂದಲೂ ಓದಬಹುದು. ಮುಖ ಕಾಣದ ಮಬ್ಬಿನಲ್ಲಿ ಅಭಿನಯಕ್ಕೆ ಅರ್ಥವಿಲ್ಲ. ಅಲ್ಲಿ ದನಿಯೇ ಎಲ್ಲ.

ರಾಮಾನುಜನ್ ಅವರೇ ಇಂಗ್ಲಿಷಿಗೆ ತಂದ ಒಂದು ಕನ್ನಡ ಕಥೆ ಇಲ್ಲಿ ಪ್ರಸ್ತುತವಾಗುತ್ತದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತವೆ. ಅವನ್ನು ಅವಳು ಯಾರಿಗೂ ಹೇಳುವುದಿಲ್ಲ. ಒಳಗೇ ಸೆರೆಯಾಗಿ ಬೇಸತ್ತ ಕಥೆ ಮತ್ತು ಹಾಡು ಅವಳು ಮಲಗಿದ್ದಾಗ ಹೊರಬಿದ್ದು, ಗಂಡಸಿನ ಪಾದರಕ್ಷೆ ಮತ್ತು ಅಂಗಿಯ ರೂಪ ತಾಳಿ ಗಂಡನಲ್ಲಿ ಸಂಶಯ ಹುಟ್ಟಿಸುತ್ತವೆ. ಮುನಿಸಿಕೊಂಡ ಗಂಡ ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ಊರಿನ ಮನೆಗಳಲ್ಲಿ ದೀಪ ಆರಿಸಿದ ಮೇಲೆ ದೀಪದ ಕುಡಿಗಳೆಲ್ಲ ಆ ಗುಡಿಯಲ್ಲಿ ಸೇರಿ ಮಾತನಾಡಿಕೊಳ್ಳುವುದು ವಾಡಿಕೆ. ಅಂದು ತಡವಾಗಿ ಬಂದ ಅವನ ಮನೆಯ ಕುಡಿಯ ಬಾಯಿಂದಲೇ ನಿಜ ತಿಳಿಯುತ್ತದೆ. ಮನೆಯೊಳಗಿನದನ್ನೆಲ್ಲ ಕಂಡಿರುವ ಸಾಕ್ಷಿ ದೀಪವೇ ಎಂಬ ಗ್ರಹಿಕೆ ಜನಪದ ಮನಸ್ಸಿನಲ್ಲಿ ಎಷ್ಟು ಸಹಜವಾಗಿತ್ತೆಂಬುದನ್ನು ಈ ಕಥೆ ತೋರಿಸುತ್ತದೆ.

ಮನೆಯಿಂದ ಬಯಲಿಗೆ ಬಂದರೆ ಮೂಡಲಪಾಯದ ರಂಗ. ಜೀ.ಶಂ. ಪರಮಶಿವಯ್ಯನವರ ಪರಿಶ್ರಮದಿಂದ ವಿದ್ವತ್ ಲೋಕದ ಗಮನ ಸೆಳೆದ ಈ ಪ್ರಕಾರಕ್ಕೆ ತುಮಕೂರು ಜಿಲ್ಲೆ ಮುಖ್ಯ ನೆಲೆಗಳಲ್ಲಿ ಒಂದು. ಊರ ಮುಂದಿನ ಬಯಲಿನಲ್ಲಿ ಕಂಬ ನೆಟ್ಟು ಚಪ್ಪರ ಹಾಕಿದರೆ ರಂಗ ಸಿದ್ಧ. ಹಿಂದೆ ಭಾಗವತ, ಮದ್ದಲೆ, ಮುಖವೀಣೆ. ಉಳಿದ ಮೂರು ಕಡೆ ಜನ. ವಿದ್ಯುತ್ತಾಗಲಿ ಗ್ಯಾಸ್ ಲೈಟಾಗಲಿ ಇಲ್ಲದ ಕಾಲದಲ್ಲಿ ಬೆಳಕೆಂದರೆ ಪಂಜು ಮತ್ತು ದೀವಟಿಗೆ. ಇವು ಒಂದು ಕಡೆ ನಿಲ್ಲುವ ಬೆಳಕಲ್ಲ, ಪಾತ್ರದೊಡನೆ ನಡೆಯುವ ಬೆಳಕು. ಇಬ್ಬರು ಹಿಡಿದ ತೆರೆಯ ಹಿಂದೆ ವೇಷ ನಿಂತಾಗ ದೀವಟಿಗೆ ತೆರೆಯ ಬಳಿ ಬರುತ್ತದೆ. ಮೊದಲು ಕಿರೀಟದ ತುದಿ, ಅನಂತರ ಮುಖ, ಆಮೇಲೆ ಇಡೀ ಆಳು. ಸಾರಥಿ ‘ತಾವು ಯಾರು’ ಎಂದು ವಿಚಾರಿಸುವ ಹೊತ್ತಿಗೆ ಪ್ರೇಕ್ಷಕನ ಕುತೂಹಲವನ್ನು ಬೆಳಕು ಅರ್ಧ ಸಿದ್ಧಪಡಿಸಿರುತ್ತದೆ. ರಾಕ್ಷಸ ವೇಷಕ್ಕೆ ಈ ಕ್ರಮ ಸಾಲದು. ಅದು ದೂರದ ಕತ್ತಲಿನಿಂದ ಆರ್ಭಟಿಸುತ್ತ ಜನರ ನಡುವೆಯೇ ಬರುತ್ತದೆ. ಪಂಜಿನ ಮೇಲೆ ಎರಚಿದ ರಾಳದ ಪುಡಿ ಭಗ್ಗೆಂದು ಉರಿದಾಗ ಕ್ಷಣಕಾಲ ಇಡೀ ಬಯಲು ಬೆಳಗಿ, ಮತ್ತೆ ಮೊದಲಿಗಿಂತ ದಟ್ಟವಾದ ಕತ್ತಲೆ ಕವಿಯುತ್ತದೆ.

ವೇಷಗಾರಿಕೆಯ ಸಾಮಗ್ರಿಯನ್ನು ಈ ಬೆಳಕಿನಿಂದ ಬೇರ್ಪಡಿಸಿ ಅರ್ಥಮಾಡಿಕೊಳ್ಳುವುದು ಸಾಧ್ಯವಿಲ್ಲ. ಎಣ್ಣೆಯ ಜ್ವಾಲೆ ಕೊಡುವುದು ಕೆಂಪು ಹಳದಿ ಛಾಯೆಯ ಬೆಳಕು. ಬೆಳಕಿನ ಬಣ್ಣವನ್ನು ಅಳೆಯುವ ಮಾನದಲ್ಲಿ ಅದು ಸುಮಾರು 1,900 ಕೆಲ್ವಿನ್. ಸಾಮಾನ್ಯ ತಂತುವಿನ ಬಲ್ಬು 2,700ರ ಆಸುಪಾಸು, ಬಿಳಿಯ ಟ್ಯೂಬ್‌ಲೈಟು 4,000ದಿಂದ 6,500ರವರೆಗೆ. ಜ್ವಾಲೆಯ ಬೆಳಕಿನಲ್ಲಿ ನೀಲಿ ಕಂದುತ್ತದೆ, ಹಸಿರು ಮಂಕಾಗುತ್ತದೆ. ಹಳದಿ ಮತ್ತು ಕೆಂಪು ಹೊಳೆಯುತ್ತವೆ. ಅರದಾಳದ ಹಳದಿ, ಇಂಗಳೀಕದ ಕೆಂಪು, ಸಫೇದದ ಬಿಳಿ, ಕಾಡಿಗೆಯ ಕಪ್ಪು ಇವು ಮುಖವರ್ಣಿಕೆಯ ಮೂಲದ್ರವ್ಯಗಳಾದದ್ದು ಆಕಸ್ಮಿಕವೆಂದು ತೋರುವುದಿಲ್ಲ. ಅರದಾಳವು ಆರ್ಸೆನಿಕ್ಕಿನ, ಇಂಗಳೀಕವು ಪಾದರಸದ ಗಂಧಕ ಸಂಯುಕ್ತ, ಎರಡೂ ವಿಷವೇ. ಕಲಾವಿದರ ಚರ್ಮದ ಆರೋಗ್ಯದ ದೃಷ್ಟಿಯಿಂದ ಇವು ಮರೆಯಾದದ್ದು ಒಳ್ಳೆಯದೇ ಆಯಿತು ಎನ್ನಬೇಕು. ಮರದ ಕಿರೀಟ, ಭುಜಕೀರ್ತಿ, ಎದೆಹಾರಗಳಿಗೆ ಅಂಟಿಸಿದ ಬೇಗಡೆ, ಕಾಗೆಬಂಗಾರ, ಕನ್ನಡಿ ಚೂರುಗಳೂ ಹೀಗೆಯೇ. ಅಲುಗುವ ಜ್ವಾಲೆಯೆದುರು ಒಂದೊಂದು ಚೂರೂ ಬೇರೆ ಬೇರೆ ಕ್ಷಣದಲ್ಲಿ ಮಿನುಗುತ್ತದೆ. ನಟ ನಿಶ್ಚಲನಾಗಿ ನಿಂತಾಗಲೂ ಕಿರೀಟ ಜೀವಂತವಾಗಿರುತ್ತದೆ. ಸ್ಥಿರವಾದ ವಿದ್ಯುದ್ದೀಪದಡಿ ಅದೇ ಕಿರೀಟ ಬಣ್ಣದ ಕಾಗದ ಹಚ್ಚಿದ ಮರದ ತುಂಡಾಗಿ ಕಾಣುತ್ತದೆ. ‘ಮೂಡಲಪಾಯದ ವೇಷ ಒರಟು’ ಎಂಬ, ಪಡುವಲಪಾಯದೊಡನೆ ಹೋಲಿಸಿ ಆಡಲಾಗುವ ಮಾತಿನ ಹಿಂದೆ ಈ ತಪ್ಪು ಬೆಳಕಿನ ಪಾಲೂ ಇದೆ.

ಜಪಾನಿನ ಲೇಖಕ ತಾನಿಜಾಕಿ ಜುನ್‌ಇಚಿರೋ 1933ರಲ್ಲಿ ನೆರಳನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ಅರಗಿನ ಪಾತ್ರೆಗಳ ಮೇಲಿನ ಚಿನ್ನದ ಗೆರೆಗಳಾಗಲಿ ನೋ ರಂಗದ ಉಡುಪುಗಳಾಗಲಿ ಮಂದ ಬೆಳಕಿಗಾಗಿಯೇ ರೂಪುಗೊಂಡವೆಂದು ವಾದಿಸಿದ್ದಾನೆ. ಆತನ ಮಾತನ್ನು ಮೂಡಲಪಾಯದ ಕಿರೀಟಕ್ಕೂ ಅನ್ವಯಿಸಬಹುದು. ಆದರೆ ತಾನಿಜಾಕಿಯ ನೆರಳಿನ ಮೋಹವನ್ನು ಇಲ್ಲಿಗೆ ಇಡಿಯಾಗಿ ತರಲು ಬರುವುದಿಲ್ಲ. ನಮ್ಮ ಊರುಗಳಲ್ಲಿ ಬೆಳಕಿಗೊಂದು ಜಾತಿಯಿತ್ತು. ಮದುವೆಯ ಮೆರವಣಿಗೆಯಲ್ಲಿ, ದೇವರ ಉತ್ಸವದಲ್ಲಿ, ಆಟದ ರಂಗದಲ್ಲಿ ಪಂಜು ಹಿಡಿಯುವುದು ಮಡಿವಾಳರ ಕರ್ತವ್ಯವೆಂದು ನಿಗದಿಯಾಗಿತ್ತು. ಹಳೆಯ ಬಟ್ಟೆ ಸುತ್ತಿ ಪಂಜು ಕಟ್ಟುವುದು, ರಾತ್ರಿಯಿಡೀ ನಿಂತು ಎಣ್ಣೆ ಎರೆಯುವುದು, ವೇಷದ ಹೆಜ್ಜೆ ಅರಿತು ಮುಂದೆ ಹಿಂದೆ ಸರಿಯುವುದು ಎಲ್ಲವೂ ಅವರ ಪಾಲಿನದು. ಪ್ರಸಂಗದ ನಡೆ ಗೊತ್ತಿಲ್ಲದವನು ಈ ಕೆಲಸವನ್ನು ಮಾಡಲಾರ. ಇಂದಿನ ಪರಿಭಾಷೆಯಲ್ಲಿ ಅವನೇ ಬೆಳಕಿನ ವಿನ್ಯಾಸಕ. ಆದರೂ ಭಾಗವತನ, ವೇಷಧಾರಿಯ, ಮದ್ದಲೆಗಾರನ ಹೆಸರು ಉಳಿದಂತೆ ಪಂಜು ಹಿಡಿದವನ ಹೆಸರು ಉಳಿದಿಲ್ಲ. ಗ್ಯಾಸ್ ಲೈಟು, ಅನಂತರ ವಿದ್ಯುತ್ತು ಬಂದಾಗ ರಂಗದ ಸೌಂದರ್ಯಕ್ಕೆ ಹಾನಿಯಾದದ್ದು ನಿಜ. ಒಂದು ಸಮುದಾಯದ ಹೆಗಲಿನಿಂದ ಬಿಟ್ಟಿಚಾಕರಿಯ ಭಾರ ಇಳಿದದ್ದೂ ಅಷ್ಟೇ ನಿಜ. ಪುನರುಜ್ಜೀವನದ ಉತ್ಸಾಹದಲ್ಲಿ ಪಂಜನ್ನು ಮರಳಿ ತರಬೇಕೆನ್ನುವವರು ಅದನ್ನು ಯಾರ ಕೈಗೆ ಕೊಡುತ್ತಾರೆ ಎಂಬುದನ್ನು ಮೊದಲು ಯೋಚಿಸಬೇಕು.

ತೊಗಲುಗೊಂಬೆಯಾಟದಲ್ಲಿ ಬೆಳಕು ರಂಗದ ಒಳಗೇ ಇದೆ. ಕಂಬಳಿ, ಚಾಪೆಗಳಿಂದ ಮರೆಮಾಡಿದ ಪುಟ್ಟ ಗುಡಾರ, ಮುಂದೆ ಬಿಳಿಯ ಪರದೆ, ಅದರ ಹಿಂದೆ ದೀಪ. ಶಿಳ್ಳೇಕ್ಯಾತ ಕುಟುಂಬದ ಹೆಂಗಸರು, ಗಂಡಸರು, ಕೆಲವೊಮ್ಮೆ ಮಕ್ಕಳೂ ಆ ಇಕ್ಕಟ್ಟಿನೊಳಗೆ ಕುಳಿತು ಹಾಡಿ, ನುಡಿಸಿ, ಗೊಂಬೆಯಾಡಿಸುತ್ತಾರೆ. ಆಡು ಅಥವಾ ಜಿಂಕೆಯ ತೊಗಲನ್ನು ಬೆಳಕು ಹಾಯುವಷ್ಟು ಹದಮಾಡಿ, ಬಣ್ಣ ಹಾಕಿ, ಒಡವೆಯ ಗೆರೆಗಳಿಗೆ ರಂಧ್ರ ಕೊರೆದ ಗೊಂಬೆಗಳು ಇವು. ದೀಪ ಹಿಂದಿನಿಂದ ಬರುವುದರಿಂದ ಇಲ್ಲಿ ಹಸಿರು ನೀಲಿಗಳಿಗೂ ಬೆಲೆಯಿದೆ. ಗೊಂಬೆ ಪರದೆಗೆ ಒತ್ತಿದರೆ ಗೆರೆ ಸ್ಪಷ್ಟ. ದೀಪದ ಕಡೆಗೆ ಹಿಂದೆಳೆದರೆ ಅದು ಬೆಳೆದು ಮಸುಕಾಗಿ ಮಾಯವಾಗುತ್ತದೆ. ಎಣ್ಣೆಯ ಕುಡಿ ಗಾಳಿಗೆ ಅಲುಗಿದಾಗ ಕೈಕಾಲು ಅಲುಗದ ಗೊಂಬೆಗೂ ಉಸಿರು ಬಂದಂತಾಗುತ್ತದೆ. ಬಲ್ಬು ಬಂದ ಮೇಲೆ ಪರದೆಯ ನಡುವೆ ಒಂದು ಪ್ರಖರ ಚುಕ್ಕೆ ನಿಂತುಬಿಟ್ಟಿತು; ಆ ಅಲುಗಾಟವನ್ನು ಈಗ ಸೂತ್ರಧಾರನ ಕೈಯೇ ಕೊಡಬೇಕು.

ಗುಬ್ಬಿಯ ಕಥೆ ಬೇರೆ. ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ ಮೊದಲಾದ ಸ್ಥಳೀಯರು ಸೇರಿ 1884ರಲ್ಲಿ ಕಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು, ಮುಂದೆ ಗುಬ್ಬಿ ವೀರಣ್ಣನವರ (1891–1972) ಒಡೆತನದಲ್ಲಿ ದಕ್ಷಿಣ ಭಾರತದ ದೊಡ್ಡ ವೃತ್ತಿ ತಂಡಗಳಲ್ಲಿ ಒಂದಾಯಿತು. ಕಾಲವನ್ನು ಗಮನಿಸಬೇಕು. ಬೈರೂಯಿಟ್‌ನಲ್ಲಿ ವಾಗ್ನರ್ ತನ್ನ ರಂಗಮಂದಿರದ ಪ್ರೇಕ್ಷಾಂಗಣವನ್ನು ಕತ್ತಲೆಗೊಳಿಸಿದ್ದು 1876ರಲ್ಲಿ; ಲಂಡನ್ನಿನ ಸವಾಯ್ ರಂಗಮಂದಿರ ಇಡಿಯಾಗಿ ವಿದ್ಯುದ್ದೀಪಕ್ಕೆ ಬದಲಾದದ್ದು 1881ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗಳಿಗೆ ಹರಿದು, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂದಿತು. ಎಣ್ಣೆದೀಪದ ಕಾಲದಲ್ಲಿ ಹುಟ್ಟಿ, ಗ್ಯಾಸ್ ಲೈಟನ್ನು ಹಾದು, ವಿದ್ಯುತ್ತಿನ ಕಾಲದಲ್ಲಿ ವೈಭವ ಕಂಡ ಗುಬ್ಬಿ ಕಂಪನಿಯ ಚರಿತ್ರೆಯೊಳಗೆ ಬೆಳಕಿನ ಚರಿತ್ರೆಯೂ ಅಡಗಿದೆ.

ಬಯಲಾಟದಲ್ಲಿ ಇಲ್ಲದ ‘ಒಳಾವರಣ’ವನ್ನು ಕಂಪನಿ ನಾಟಕ ಕೃತಕವಾಗಿ ನಿರ್ಮಿಸಿತು. ತಗಡು, ಬಿದಿರು, ಗುಡಾರ ಬಟ್ಟೆಗಳಿಂದ ಕಟ್ಟಿದ ತಾತ್ಕಾಲಿಕ ಥಿಯೇಟರು, ಅದರೊಳಗೆ ಪಾರಸಿ ರಂಗಭೂಮಿಯಿಂದ ಬಂದ ಚೌಕಟ್ಟಿನ ರಂಗ, ಸಾಲಾಗಿ ಇಳಿಯುವ ಚಿತ್ರಿತ ಪರದೆಗಳು. ಅರಮನೆ ಪರದೆ, ಕಾಡು ಪರದೆ, ಬೀದಿ ಪರದೆ ಎಂದು ಒಂದೊಂದಕ್ಕೂ ಹೆಸರಿತ್ತು. ಹಿಂದೆ ದೊಡ್ಡ ದೃಶ್ಯದ ಜೋಡಣೆ ನಡೆಯುವಾಗ ಮುಂದೆ ಬೀದಿ ಪರದೆ ಇಳಿಬಿಟ್ಟು ಹಾಸ್ಯ ಪ್ರಸಂಗ ನಡೆಸುವುದು ಕಂಪನಿ ನಾಟಕಗಳ ಸಾಮಾನ್ಯ ಕ್ರಮ. ಅಲ್ಲಿ ನಟನಿಗೆ ಸಿಗುವುದು ಕೆಲವೇ ಅಡಿ ಆಳದ ಪಟ್ಟಿ; ಮುಂದಿನ ದೀಪಗಳ ಬೆಳಕು ಕೆಳಗಿನಿಂದ ನೇರ ಮುಖಕ್ಕೆ. ರಾಜನಿಗೆ ಆಳವಾದ ರಂಗ ಬೇಕು, ಹಾಸ್ಯಗಾರನಿಗೆ ಜನರ ಹತ್ತಿರ ನಿಂತರೆ ಸಾಕು. ಮಾತಿಗೆ ಮಾತು ಬೆಳೆಸಿ ಪ್ರೇಕ್ಷಕರೊಡನೆ ಸಲಿಗೆ ಸಾಧಿಸುವ ಹಾಸ್ಯದ ಶೈಲಿಗೂ ಈ ಇಕ್ಕಟ್ಟಿನ ಪಟ್ಟಿಗೂ ಸಂಬಂಧವಿದೆಯೆಂದು ಭಾವಿಸಲು ಅವಕಾಶವಿದೆ. ‘ಸದಾರಮೆ’ಯ ಕಳ್ಳನ ಪಾತ್ರದಿಂದ ಮನೆಮಾತಾದ ವೀರಣ್ಣನವರು ಮೂಲತಃ ಹಾಸ್ಯನಟರೆಂಬುದು ಇಲ್ಲಿ ನೆನಪಿಡಬೇಕಾದ ಅಂಶ. ಅದೇ ವೀರಣ್ಣನವರು 1934ರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನು ರಂಗಕ್ಕೆ ತಂದು ಸ್ಥಳದ ಮಿತಿಯನ್ನೇ ಮುರಿದರು. ಆನೆ ನಿಲ್ಲುವ ರಂಗಕ್ಕೆ ದೀವಟಿಗೆಯ ಬೆಳಕು ಸಾಲದು. ದೊಡ್ಡ ಬೆಳಕು ಬಂದದ್ದರಿಂದ ದೊಡ್ಡ ದೃಶ್ಯದ ಕಲ್ಪನೆ ಸಾಧ್ಯವಾಯಿತು.

ಈ ಕಲ್ಪನೆ ಹಳ್ಳಿಗೆ ಮರಳಿದ ರೀತಿ ಕುತೂಹಲಕರ. ಕುಣಿಗಲ್, ಗುಬ್ಬಿ, ತುಮಕೂರು ತಾಲ್ಲೂಕುಗಳ ಗ್ರಾಮಗಳಲ್ಲಿ ರೈತರು, ಕೂಲಿಕಾರರು, ಶಿಕ್ಷಕರು ಸೇರಿ ಆಡುವ ‘ಕುರುಕ್ಷೇತ್ರ’, ‘ದಕ್ಷಯಜ್ಞ’ಗಳಂಥ ಪೌರಾಣಿಕ ನಾಟಕಗಳು ಕಂಪನಿ ರಂಗಭೂಮಿಯ ನೇರ ವಾರಸುದಾರರು. ಸೀನರಿ, ಉಡುಪು, ದೀಪ ಎಲ್ಲವೂ ಬಾಡಿಗೆಗೆ ಬರುತ್ತವೆ. ಝಗಝಗಿಸುವ ಸೀರಿಯಲ್ ಸೆಟ್ಟು, ಬಣ್ಣ ಬದಲಿಸುವ ದೀಪಗಳು ನಗರದ ವಿಮರ್ಶಕರ ಕಣ್ಣಿಗೆ ಅಭಿರುಚಿಹೀನವೆನಿಸಬಹುದು. ಆದರೆ ರಾಳದ ಜ್ವಾಲೆಯಲ್ಲಿ ರಾಕ್ಷಸನನ್ನು ಕಂಡ ಜನರ ಮೊಮ್ಮಕ್ಕಳು ಮಿನುಗುವ ಬೆಳಕನ್ನೇ ಬಯಸಿದರೆ ಅದರಲ್ಲಿ ಪರಂಪರೆಯ ಒಂದು ಎಳೆಯಿದೆಯೆಂದು ಒಪ್ಪಬೇಕು.

ಪ್ರದರ್ಶನಕ್ಕಿಂತ ತಾಲೀಮಿನ ಆವರಣ ಹೆಚ್ಚು ಮಹತ್ವದ್ದು. ವಿದ್ವಾಂಸರ ಗಮನಕ್ಕೆ ಅದು ಇನ್ನೂ ಕಡಿಮೆ ಬಿದ್ದಿದೆ. ಹೊಲದ ಕೆಲಸ ಮುಗಿಸಿ, ಉಂಡು, ರಾತ್ರಿ ಗುಡಿಯ ಮುಂದಿನ ಪಡಸಾಲೆಯಲ್ಲೋ ಶಾಲೆಯ ಕೊಠಡಿಯಲ್ಲೋ ಸೇರುವುದು ರೂಢಿ. ಹಿಂದೆ ಅಲ್ಲಿದ್ದುದು ಒಂದು ಲಾಟೀನು. ಅದು ಹಾರ್ಮೋನಿಯಂ ಮೇಷ್ಟ್ರ ಮುಂದೆ. ಪುಸ್ತಕವೂ ಅವರ ಮುಂದೆಯೇ. ಸುತ್ತ ಕುಳಿತವರಿಗೆ, ಓದಲು ಬಂದರೂ ಬಾರದಿದ್ದರೂ, ಪಾಠವೆಲ್ಲ ಕಿವಿಯ ಮೂಲಕ. ಮಾತು, ಕಂದ, ಮಟ್ಟು ಎಲ್ಲವೂ ಮೇಷ್ಟ್ರ ದನಿಯಿಂದ ಕಲಿತದ್ದು. ತನ್ನ ಮಾತಷ್ಟೇ ಅಲ್ಲದೆ ಎಲ್ಲರ ಮಾತೂ ಎಲ್ಲರಿಗೂ ಕಂಠಪಾಠವಾಗುವ ಈ ಕ್ರಮಕ್ಕೆ ಒಂದೇ ದೀಪದ ವೃತ್ತವೂ ಕಾರಣ. ಪಾತ್ರಧಾರಿಯೊಬ್ಬ ಬಾರದಿದ್ದರೆ ಇನ್ನೊಬ್ಬ ಆ ಪಾತ್ರಕ್ಕೆ ನಿಲ್ಲುವ ಸಾಮರ್ಥ್ಯ ಹಳ್ಳಿಯ ತಂಡಗಳಲ್ಲಿ ಹೀಗೆ ಬೆಳೆದು ಬಂದಿದೆ.

ಕುಣಿಗಲ್ ಎಂದೊಡನೆ ನೆನಪಾಗುವುದು ಕೆರೆಯ ಹಾಡು. ಕನ್ನಡ ನಾಡಿನಾದ್ಯಂತ ಪರಿಚಿತವಾದ ಆ ಗೀತೆಯಲ್ಲಿ ಕೆರೆಯ ಸೊಬಗಿನೊಂದಿಗೆ ಚಂದ್ರೋದಯವೂ ಸೇರಿಕೊಂಡಿದೆ. ದೀಪಕ್ಕೆ ಎಣ್ಣೆ ಸಾಲದ ಸಮಾಜದಲ್ಲಿ ಹುಣ್ಣಿಮೆಯೆಂದರೆ ಬಿಟ್ಟಿಯಾಗಿ ದೊರೆತ ರಂಗದೀಪ. ಕೋಲಾಟ, ಸೋಬಾನೆಗಳಂಥ ಸಾಮೂಹಿಕ ಕಲೆಗಳಿಗೆ ಬೆಳದಿಂಗಳ ಅಂಗಳ ಒದಗಿಬಂದದ್ದನ್ನು ಇದರೊಡನೆ ಸೇರಿಸಿ ನೋಡಬಹುದು.

ಇಂದಿನ ಸ್ಥಿತಿಯಲ್ಲಿ ಈ ಕಲೆಗಳು ಹೆಚ್ಚಾಗಿ ಕಾಣಸಿಗುವುದು ಸಭಾಂಗಣಗಳಲ್ಲಿ. ತುಮಕೂರಿನಲ್ಲಿ ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವೇ ಇದೆ. ಇರುಳಿಡೀ ನಡೆದು ಮೂಡಣ ಕೆಂಪಾಗುವಾಗ ಮಂಗಳ ಹಾಡುತ್ತಿದ್ದ ಪ್ರಸಂಗವನ್ನು ಅಲ್ಲಿ ಒಂದೆರಡು ಗಂಟೆಗೆ ಇಳಿಸಲಾಗುತ್ತದೆ. ಸಮಯದ ಕಡಿತವನ್ನು ಕುರಿತು ಚರ್ಚೆ ಸಾಕಷ್ಟಾಗಿದೆ. ಬೆಳಗಿನ ಬೆಳಕು ಪ್ರಸಂಗದ ಕೊನೆಯ ಅಂಕವಾಗಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. ಮೂರು ಕಡೆ ಜನರಿದ್ದ ಆಟ ಒಂದೇ ಕಡೆಗೆ ಮುಖಮಾಡಿದಾಗ ಹೆಜ್ಜೆಗಳ ಸುತ್ತು ನೇರವಾಗುತ್ತದೆ. ಮೇಲಿನಿಂದ ಸಮನಾಗಿ ಸುರಿಯುವ ಬೆಳಕಿನಲ್ಲಿ ತೆರೆಯ ಹಿಂದಿನ ವೇಷ ಮೊದಲೇ ಕಾಣುವುದರಿಂದ ತೆರೆ ಹಿಡಿಯುವುದೇ ನಿರರ್ಥಕ ಆಚರಣೆಯಾಗುತ್ತದೆ. ಕೆಲವು ತಂಡಗಳು ಈಗಾಗಲೇ ತೆರೆಯನ್ನು ಕೈಬಿಟ್ಟಿದ್ದರೆ ದೋಷ ಕಲಾವಿದರದಲ್ಲ.

ದಾಖಲಾತಿಯ ವಿಷಯ ಇನ್ನೂ ಗಂಭೀರ. ಚಿತ್ರೀಕರಣಕ್ಕೆ ಅನುಕೂಲವಾಗಲೆಂದು ಪ್ರಖರ ದೀಪಗಳನ್ನು ಹಾಕಿಯೋ ಹಗಲಿನಲ್ಲಿ ಆಡಿಸಿಯೋ ಮಾಡಿದ ದಾಖಲೆಗಳು ಮುಂದಿನ ತಲೆಮಾರಿಗೆ ಆಕರಗಳಾಗುತ್ತವೆ. ರಾಮಾನುಜನ್ ಇನ್ನೊಂದೆಡೆ ಹೇಳುವ ಮುದುಕಿ, ಮನೆಯೊಳಗೆ ಕಳೆದ ಬೀಗದ ಕೈಯನ್ನು ಬೀದಿದೀಪದ ಕೆಳಗೆ ಹುಡುಕುತ್ತಾಳೆ. ಏಕೆಂದರೆ ಬೆಳಕಿರುವುದು ಅಲ್ಲಿ. ಮನೆಯ ಕತ್ತಲ ಕೋಣೆಗಳಿಗೆ ದೀಪ ಒಯ್ಯಬೇಕೆಂಬುದು ಅವರ ಆಶಯವಾಗಿತ್ತು. ಆದರೆ ಒಯ್ಯುವ ದೀಪ ಎಂಥದು ಎಂಬುದೂ ಮುಖ್ಯ. ಕಡಿಮೆ ಬೆಳಕಿನಲ್ಲಿಯೂ ಚಿತ್ರೀಕರಿಸಬಲ್ಲ ಕ್ಯಾಮೆರಾಗಳು ಸುಲಭವಾಗಿ ದೊರೆಯುತ್ತಿರುವ ಈ ದಿನಗಳಲ್ಲಿ ಒಂದು ಪ್ರಸಂಗವನ್ನಾದರೂ ದೀವಟಿಗೆಯ ಬೆಳಕಿನಲ್ಲಿಯೇ, ಅದನ್ನು ಹಿಡಿಯುವವರಿಗೆ ಕಲಾವಿದರಷ್ಟೇ ಸಂಭಾವನೆ ಕೊಟ್ಟು, ಜಾತಿಯ ನಿರ್ಬಂಧವಿಲ್ಲದೆ ಆಡಿಸಿ ದಾಖಲಿಸುವುದು ಅಸಾಧ್ಯವೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ರಾಮನಗರದ ಜಾನಪದ ಲೋಕದಂಥ ಸಂಸ್ಥೆಗಳಲ್ಲಿ ಕಿರೀಟ, ಭುಜಕೀರ್ತಿ, ತೊಗಲುಗೊಂಬೆಗಳನ್ನು ನೋಡುವವರಿಗೆ ಅವು ಯಾವ ಬೆಳಕಿಗಾಗಿ ತಯಾರಾದವೆಂಬ ಒಂದು ಸಾಲಿನ ವಿವರಣೆ ದೊರೆತರೂ ನೋಟ ಬದಲಾಗುತ್ತದೆ. ಕ್ಷೇತ್ರಕಾರ್ಯದ ನಮೂನೆಗಳಲ್ಲಿ ಪ್ರಸಂಗದ ಹೆಸರು, ಭಾಗವತರ ಹೆಸರು, ಸ್ಥಳ, ದಿನಾಂಕಗಳಿಗೆ ಮೀಸಲಾದ ಅಂಕಣಗಳ ಪಕ್ಕದಲ್ಲಿ ದೀಪದ ಬಗೆ, ಅವುಗಳ ಸಂಖ್ಯೆ, ಪಾತ್ರಧಾರಿಯಿಂದ ಅವು ಇದ್ದ ದೂರ ಮತ್ತು ಅವನ್ನು ಹಿಡಿದವರ ಹೆಸರು ಎಂಬ ನಾಲ್ಕು ಅಂಕಣಗಳು ಸೇರಬೇಕು. ಪಂಜು ಹಿಡಿದು ಗೊತ್ತಿರುವ ಹಿರಿಯರಲ್ಲಿ ಕೆಲವರಾದರೂ ಇನ್ನೂ ಇರುವಾಗ ಈ ಕೆಲಸ ಆರಂಭವಾಗಬೇಕಾಗಿದೆ.